ಮಾಜಿ ಸೈನಿಕರ 36 ತಿಂಗಳು, ಲಾಭದ ಕಾಲೇಜುಗಳ ಕಣ್ಣು

ಲಾಸ್ ಆಲ್ಟೋಸ್‌ಗೆ ಅಂಟಿಕೊಂಡ ಬೆಟ್ಟದ ಮೇಲೆ ಫುಟ್‌ಹಿಲ್ ಎಂಬ ಸರ್ಕಾರಿ ಸಮುದಾಯ ಕಾಲೇಜಿದೆ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಯೂನಿಟ್‌ಗೆ 31 ಡಾಲರ್. 12 ಯೂನಿಟ್ ತೆಗೆದುಕೊಂಡರೆ 372. ಮಾಜಿ ಸೈನಿಕರಿಗೆಂದೇ ಅಲ್ಲೊಂದು ಕೇಂದ್ರವೂ ಉಂಟು. ಹೀಗಿದ್ದೂ ಸೇನೆ ಬಿಟ್ಟು ಬಂದವರಲ್ಲಿ ಅನೇಕರು ಲಾಭಕ್ಕಾಗಿ ನಡೆಯುವ ದುಬಾರಿ ಖಾಸಗಿ ಕಾಲೇಜುಗಳ ಪಾಲಾಗುವುದೇಕೆ?

ಫೋನ್ ಮಾಡುವವರು ಆ ಕಾಲೇಜುಗಳವರು, ಅದಕ್ಕೆ. ಫಾರಂ ನಾವೇ ತುಂಬುತ್ತೇವೆ, ರಾತ್ರಿ ತರಗತಿ ಇದೆ, ಸೇನೆಯ ತರಬೇತಿಗೂ ಕ್ರೆಡಿಟ್ ಕೊಡುತ್ತೇವೆ, ಸೋಮವಾರವೇ ಶುರು ಎನ್ನುತ್ತಾರೆ. ಕಚೇರಿ ಎಂದರೆ ಹಿಂಜರಿಯುವವನಿಗೆ ಇನ್ನೇನು ಬೇಕು?

ಈ ಅಕ್ಕರೆಯ ಹಿಂದೆ ಲೆಕ್ಕಾಚಾರವಿತ್ತು. ಇಂಥ ಕಾಲೇಜುಗಳ ಆದಾಯದಲ್ಲಿ ಶೇ. 90ಕ್ಕಿಂತ ಹೆಚ್ಚು ಶಿಕ್ಷಣ ಇಲಾಖೆಯ ನೆರವಿನಿಂದ ಬರುವಂತಿರಲಿಲ್ಲ. ಆದರೆ ಸೈನಿಕರ ಶಿಕ್ಷಣ ಸೌಲಭ್ಯವಾದ ಜಿಐ ಬಿಲ್‌ನ ಹಣ ಸರ್ಕಾರದ್ದೇ ಆಗಿದ್ದರೂ ಉಳಿದ ಶೇ. 10ರ ಲೆಕ್ಕಕ್ಕೆ ಸೇರುತ್ತಿತ್ತು. ಒಬ್ಬ ಸೈನಿಕ ತಂದ ಒಂದು ಡಾಲರ್‌ಗೆ ಬೇರೆ ವಿದ್ಯಾರ್ಥಿಗಳ ನೆರವಿನ ಒಂಬತ್ತು ಡಾಲರ್ ಎಳೆದುಕೊಳ್ಳಬಹುದಿತ್ತು. ಸಂಸತ್ತು ಈ ಕಿಂಡಿ ಮುಚ್ಚಿದ್ದು 2021ರಲ್ಲಿ, ಜಾರಿಗೆ ಬಂದದ್ದು 2023ರಿಂದ. ಅಷ್ಟು ವರ್ಷ ಅಧಿಕಾರಿಗಳಿಗೆ ಇದು ಗೊತ್ತಿರಲಿಲ್ಲವೆಂದು ಯಾರೂ ನಂಬಬೇಕಿಲ್ಲ.

ಮಾಜಿ ಸೈನಿಕರನ್ನು ಈ ಕಾಲೇಜುಗಳತ್ತ ಕಳಿಸುವ ದಲ್ಲಾಳಿಗಳೂ ಇದ್ದರು. ಫುಟ್‌ಹಿಲ್ ಇರುವ ಇದೇ ಬೇ ಏರಿಯಾದ ಫಾಸ್ಟರ್ ಸಿಟಿಯ ಕ್ವಿನ್‌ಸ್ಟ್ರೀಟ್ ಕಂಪನಿ ‘ಜಿಐಬಿಲ್ ಡಾಟ್ ಕಾಮ್’ ನಡೆಸುತ್ತಿತ್ತು. ಹೆಸರು ನೋಡಿದರೆ ಸರ್ಕಾರದ್ದೇ ಅನ್ನಿಸಬೇಕು. 2012ರಲ್ಲಿ 20 ರಾಜ್ಯಗಳ ಅಟಾರ್ನಿ ಜನರಲ್‌ಗಳೊಂದಿಗೆ ರಾಜಿಯಾಗಿ ಕಂಪನಿ 25 ಲಕ್ಷ ಡಾಲರ್ ಕಟ್ಟಿತು. ಆ ವಿಳಾಸವನ್ನು ಮಾಜಿ ಸೈನಿಕರ ಇಲಾಖೆಗೆ, ಅಂದರೆ ವಿಎಗೆ, ಬಿಟ್ಟುಕೊಟ್ಟಿತು.

ಜನ ಹೆಚ್ಚು ಕಳೆದುಕೊಳ್ಳುವುದು ಹಣವನ್ನಲ್ಲ, ತಿಂಗಳುಗಳನ್ನು. 9/11 ನಂತರದ ಜಿಐ ಬಿಲ್‌ನಲ್ಲಿ ಸಿಗುವುದು ಸಾಮಾನ್ಯವಾಗಿ 36 ತಿಂಗಳ ಓದಿನ ನೆರವು. ಬೇ ಏರಿಯಾದಲ್ಲೂ ಶಾಖೆಯಿದ್ದ ಹೀಲ್ಡ್ ಕಾಲೇಜು, ಒಡೆಯ ಕೊರಿಂಥಿಯನ್ ಸಂಸ್ಥೆಯೊಂದಿಗೆ 2015ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. 2022ರಲ್ಲಿ ಕೊರಿಂಥಿಯನ್‌ನ 5,60,000 ಸಾಲಗಾರರ 580 ಕೋಟಿ ಡಾಲರ್ ಸರ್ಕಾರಿ ಸಾಲ ಮನ್ನಾ ಆಯಿತು. ಸಾಲ ಮಾಡದೆ ಜಿಐ ಬಿಲ್ ಸುರಿದವನಿಗೆ? ಮುಚ್ಚುವಾಗ ಓದುತ್ತಿದ್ದವರಿಗೆ ತಿಂಗಳುಗಳನ್ನು ಮರಳಿಸಲು 2017ರ ಕಾನೂನು ದಾರಿ ಮಾಡಿತು. ಬಹಳ ಮೊದಲೇ ಬಿಟ್ಟವನಿಗೆ, ಸುಳ್ಳು ಹೇಳಿಯೂ ಬಾಗಿಲು ತೆರೆದೇ ಇರುವ ಕಾಲೇಜಿಗೆ ಸೇರಿದವನಿಗೆ ಆ ದಾರಿಯಿಲ್ಲ.

ಆದ್ದರಿಂದ ಮಗನೋ ಮಗಳೋ ಅಮೆರಿಕದ ಸೇನೆಯಿಂದ ಮರಳಿದ ಕನ್ನಡ ಮನೆಗಳು ಮಾಡಬೇಕಾದ್ದು ಇಷ್ಟು.

ಒಂದು: ವಿಎಗೆ 22-1990 ಫಾರಂ ಹಾಕಿ ಅರ್ಹತಾ ಪತ್ರ ತರಿಸಿಕೊಳ್ಳಿ. ಖರ್ಚಿಲ್ಲ. ಉಳಿದ ತಿಂಗಳು, ದಿನ ಅದರಲ್ಲೇ ಇರುತ್ತದೆ. 2013ರ ಜನವರಿ 1 ಅಥವಾ ಆಮೇಲೆ ಸೇವೆ ಬಿಟ್ಟವರಿಗೆ ಗಡುವೇ ಇಲ್ಲ. ‘ಈಗ ಸೇರದಿದ್ದರೆ ಸೌಲಭ್ಯ ಹೋಯಿತು’ ಎಂದು ಅವರನ್ನು ಹೆದರಿಸುವ ಏಜೆಂಟನ ಮಾತಿಗೆ ಬೆಲೆ ಕೊಡಬೇಡಿ. ಅದಕ್ಕೂ ಮೊದಲು ಬಿಟ್ಟವರಿಗೆ ಮಾತ್ರ 15 ವರ್ಷದ ಮಿತಿ.

ಎರಡು: ಈ ಕ್ರೆಡಿಟ್ ಮುಂದೆ ನಡೆಯುತ್ತದೆಯೇ ಎಂದು ಮಾರುವ ಕಾಲೇಜನ್ನು ಕೇಳಬೇಡಿ. ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾಲಯವನ್ನು ಕೇಳಿ, ಉತ್ತರ ಇಮೇಲ್‌ನಲ್ಲೇ ಬರಲಿ. ‘ನಮಗೆ ಮಾನ್ಯತೆ ಇದೆ’ ಎಂಬುದು ಉತ್ತರವಲ್ಲ. ಸೇನಾ ತರಬೇತಿಯ ದಾಖಲೆಯಾದ ಜಾಯಿಂಟ್ ಸರ್ವಿಸಸ್ ಟ್ರಾನ್ಸ್‌ಕ್ರಿಪ್ಟ್ ಅನ್ನು ಸರ್ಕಾರಿ ಕಾಲೇಜಿಗೂ ಉಚಿತವಾಗಿ ಕಳಿಸಬಹುದು. ವಾಯುಪಡೆಯವರಿಗೆ ಬೇರೆ ದಾಖಲೆ.

ಮೂರು: ಜಿಐ ಬಿಲ್‌ನ ಬಾಡಿಗೆ ಭತ್ಯೆ. ಎಲ್ಲವನ್ನೂ ಆನ್‌ಲೈನ್ ಓದಿದರೆ ಸಿಗುವುದು ರಾಷ್ಟ್ರೀಯ ಸರಾಸರಿಯ ಅರ್ಧ. ಒಂದೇ ಒಂದು ತರಗತಿಗೆ ಖುದ್ದಾಗಿ ಹೋದರೂ ಕ್ಯಾಂಪಸ್‌ನ ಪಿನ್‌ಕೋಡ್ ದರ ಅನ್ವಯ. ಬೇ ಏರಿಯಾದ ಬಾಡಿಗೆ ಕಟ್ಟುವವರಿಗೆ ಇದು ಸಣ್ಣ ಮಾತಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಹೊರೆಯ ಓದು ಬೇಕು. ಕ್ವಾರ್ಟರ್‌ಗಳ ನಡುವಿನ ರಜೆಗೆ ಭತ್ಯೆಯಿಲ್ಲ. ನಡುವೆ ತರಗತಿ ಬಿಟ್ಟರೆ ಕೊಟ್ಟ ಹಣವನ್ನು ವಿಎ ವಾಪಸು ಕೇಳಬಹುದು.

ನಾಲ್ಕು: ಕಾಲೇಜು ಮುಚ್ಚಿದರೆ ತಿಂಗಳುಗಳು ತಾವಾಗಿ ಮರಳುತ್ತವೆಂದು ಕಾಯಬೇಡಿ, 22-0989 ಫಾರಂ ಹಾಕಿ. ಮುಚ್ಚುವ ಕಾಲೇಜಿನವರು ‘ಇಲ್ಲಿ ಸಹಿ ಹಾಕಿ, ಕ್ರೆಡಿಟ್ ಬೇರೆಡೆ ವರ್ಗಾಯಿಸುತ್ತೇವೆ’ ಎನ್ನುತ್ತಾರೆ. ವರ್ಗಾಯಿಸಿದ ಕ್ರೆಡಿಟ್‌ಗಳಿಂದ ತಿಂಗಳುಗಳ ಮರುಜಮೆಯೇ ತಪ್ಪಬಹುದು. ಮೊದಲು ವಿಎಯನ್ನು ಕೇಳಿ, ಆಮೇಲೆ ಸಹಿ ಹಾಕಿ.