ಹೊಳೆಯ ಕರಿಮರಳು ಕಲಿಸಿದ ಪಾಠ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನದ ಲೇಖನವೊಂದು ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನ್ನ ಕಣ್ಣೆದುರು ನಿಂತುದು ಪನಮರಂ ಹೊಳೆಯ ಮರಳು. ಮಳೆಗಾಲ ಕಳೆದ ಮೇಲೊಂದು ದಿನ ವಿಜ್ಞಾನದ ಗುರುಗಳು ನಮ್ಮನ್ನು ಹೊಳೆದಂಡೆಗೆ ಕರೆದೊಯ್ದು, ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಮರಳಿನಲ್ಲಿ ಎಳೆದರು. ಕಪ್ಪು ಕಣಗಳು ಮೀಸೆಯಂತೆ ನಿಮಿರಿ ಅಂಟಿಕೊಂಡವು. ದಂಡೆಯ ಕೆಂಪು ಮಣ್ಣು ಅಂಟಲಿಲ್ಲ. "ಕಪ್ಪಿಗೂ ಕೆಂಪಿಗೂ ಕಾರಣ ಕಬ್ಬಿಣ, ಆಮ್ಲಜನಕಗಳೇ. ಮತ್ತೆ ಈ ಭೇದವೇಕೆ?" ಎಂದು ಕೇಳಿದರು. ಆ ಪ್ರಶ್ನೆಯೇ ನನ್ನನ್ನು ಭೌತವಿಜ್ಞಾನದ ಕಡೆಗೆ ಕರೆದೊಯ್ದಿತು.

ಉತ್ತರ ಎಲೆಕ್ಟ್ರಾನಿನ 'ಸ್ಪಿನ್' ಎಂಬ ಗುಣದಲ್ಲಿದೆ. ಇದನ್ನು ಬುಗುರಿಯ ಗಿರಕಿಗೆ ಹೋಲಿಸುವುದು ವಾಡಿಕೆ. ಆದರೆ ಎಲೆಕ್ಟ್ರಾನು ನಿಜವಾಗಿ ಹಾಗೆ ಸುತ್ತುತ್ತದೆಂದು ಭಾವಿಸಬಾರದು. ಪ್ರತಿಯೊಂದು ಎಲೆಕ್ಟ್ರಾನೂ ಅತಿ ಸಣ್ಣ ಅಯಸ್ಕಾಂತವೆಂದು ತಿಳಿದರೆ ಸಾಕು. ಕೆಂಪು ಮಣ್ಣಿನ ಆಕ್ಸೈಡಿನಲ್ಲಿ ಈ ಪುಟ್ಟ ಅಯಸ್ಕಾಂತಗಳು ಎದುರುಬದುರಾಗಿ ನಿಂತು ಬಹುಮಟ್ಟಿಗೆ ಒಂದನ್ನೊಂದು ರದ್ದುಗೊಳಿಸುತ್ತವೆ. ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡಿನಲ್ಲಿ ಹೀಗೆ ಪೂರ್ತಿ ರದ್ದಾಗುವುದಿಲ್ಲ.

ಸ್ಪಿನ್ನಿಗೂ ವಿದ್ಯುತ್ ಪ್ರವಾಹಕ್ಕೂ ಏನು ಸಂಬಂಧ? ಇದನ್ನು ಮ್ಯಾಂಗನೈಟುಗಳೆಂಬ ಆಕ್ಸೈಡುಗಳು ಚೆನ್ನಾಗಿ ತೋರಿಸುತ್ತವೆ. ನಮ್ಮ ಸಂಡೂರಿನ ಗಣಿಗಳಲ್ಲಿ ದೊರೆಯುವ ಮ್ಯಾಂಗನೀಸ್ ಲೋಹವೇ ಇವುಗಳ ಜೀವಾಳ. 1950ರಲ್ಲಿ ಯೋಂಕರ್ ಮತ್ತು ವಾನ್ ಸಾಂಟೆನ್ ಎಂಬವರು ಇವುಗಳ ಕಾಂತಗುಣವನ್ನು ವರದಿ ಮಾಡಿದರು. ಮರುವರ್ಷ ಜೀನರ್ ಅದಕ್ಕೆ ವಿವರಣೆ ನೀಡಿದರು. ಎಲೆಕ್ಟ್ರಾನು ಆಮ್ಲಜನಕವನ್ನು ಮೆಟ್ಟುಗಲ್ಲಾಗಿಸಿಕೊಂಡು ಒಂದು ಮ್ಯಾಂಗನೀಸ್ ಪರಮಾಣುವಿನಿಂದ ಇನ್ನೊಂದಕ್ಕೆ ದಾಟುತ್ತದೆ. ನೆರೆಹೊರೆಯ ಸ್ಪಿನ್ನುಗಳು ಒಂದೇ ದಿಕ್ಕಿಗಿದ್ದರೆ ದಾರಿ ಸುಗಮ, ಇಲ್ಲವಾದರೆ ದುರ್ಗಮ. ಹೊರಗಿನಿಂದ ಕಾಂತಕ್ಷೇತ್ರವನ್ನು ಒಡ್ಡಿ ಅವುಗಳನ್ನು ಸಾಲುಗೂಡಿಸಿದರೆ ವಿದ್ಯುದ್ರೋಧ ಇಳಿಯುತ್ತದೆ. 1990ರ ದಶಕದಲ್ಲಿ ಈ ಆಕ್ಸೈಡುಗಳನ್ನು ಕುರಿತು ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಹೋದ್ಯೋಗಿಗಳು ನಡೆಸಿದ ಸಂಶೋಧನೆ ಲೋಕಮಾನ್ಯವಾಯಿತು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಸೆಳೆದುದು ಗಡಿಯ ವಿಚಾರ. ಸುಟ್ಟು ತಯಾರಿಸಿದ ಮ್ಯಾಂಗನೈಟ್ ಬಿಲ್ಲೆಯು ಅಸಂಖ್ಯ ಹರಳುಕಣಗಳ ಸಮೂಹ. ಒಂದು ಕಣದ ಕಾಂತದಿಕ್ಕು ಒಂದಾದರೆ ಪಕ್ಕದ ಕಣದ್ದು ಇನ್ನೊಂದು. ಆದ್ದರಿಂದ ಕಣಗಳ ನಡುವಣ ಗಡಿಯಲ್ಲಿ ತಡೆ ಹೆಚ್ಚು. ಇದೊಂದು ದೋಷವೆಂದೇ ಯಾರಿಗಾದರೂ ತೋರೀತು. ಆದರೆ 1996ರಲ್ಲಿ ಏಕಹರಳನ್ನೂ ಬಹುಹರಳನ್ನೂ ಹೋಲಿಸಿ ನೋಡಿದಾಗ, ಕಡಿಮೆ ಉಷ್ಣತೆಯಲ್ಲಿ ಅಲ್ಪ ಕಾಂತಕ್ಷೇತ್ರಕ್ಕೆ ಓಗೊಟ್ಟುದು ಗಡಿಗಳಿದ್ದ ಬಹುಹರಳೇ! ಮುಂದೆ ವಿಜ್ಞಾನಿಗಳು ಆಕ್ಸೈಡಿನ ತೆಳುಪದರವನ್ನು ಕೆಲವೇ ಮೈಕ್ರೋಮೀಟರ್ ಅಗಲದ ಪಟ್ಟಿಗಳಾಗಿ ಕೊರೆದು, ಒಂದೇ ಒಂದು ಗಡಿಯ ವರ್ತನೆಯನ್ನು ಬೇರ್ಪಡಿಸಿ ಅಳೆದರು. ತಲೆಗೂದಲಿನ ದಪ್ಪ 50ರಿಂದ 100 ಮೈಕ್ರೋಮೀಟರ್ ಎಂದರೆ ಈ ಪಟ್ಟಿಗಳ ಸೂಕ್ಷ್ಮತೆ ಊಹೆಗೆ ನಿಲುಕೀತು.

ಈ ಪರಿಣಾಮವು ಉಷ್ಣತೆ ಏರಿದಂತೆ ಕುಂದುತ್ತದೆಂಬುದೇ ಇದರ ಮಿತಿ. ನಿತ್ಯೋಪಯೋಗಕ್ಕೆ ಮೊದಲು ಬಂದುದು ಲೋಹಪದರಗಳಲ್ಲಿ 1988ರಲ್ಲಿ ಕಂಡ ಇಂತಹುದೇ ಪರಿಣಾಮ. ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಬರೆದುದನ್ನು ಓದಲು ಅದು ನೆರವಾಯಿತು. ಅದಕ್ಕಾಗಿ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ 2007ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಕಾಲೇಜಿನ ಮೊದಲ ವರ್ಷ ಇಂಗ್ಲಿಷ್ ಪಾರಿಭಾಷಿಕ ಪದಗಳ ಮುಂದೆ ನಾನು ತಲೆ ತಗ್ಗಿಸಿ ಕುಳಿತದ್ದುಂಟು. ಪದ ಹೊಸದಾಗಿತ್ತು, ವಿಷಯ ಹೊಸದಾಗಿರಲಿಲ್ಲ. ಅದು ಹೊಳೆದಂಡೆಯಲ್ಲಿ ಕನ್ನಡದಲ್ಲಿಯೇ ಮನಸ್ಸಿಗೆ ಇಳಿದಿತ್ತು. ವಯನಾಡಿನಂತಹ ಗಡಿನಾಡಿನಲ್ಲಿ ಕನ್ನಡದಲ್ಲಿ ಕಲಿತ ಮಕ್ಕಳಿಗೆ ವಿಜ್ಞಾನ ಎಟುಕೀತೇ ಎಂದು ಶಂಕಿಸುವ ತಂದೆತಾಯಂದಿರಿಗೆ ನನ್ನ ಬಿನ್ನಹ ಇಷ್ಟೇ: ಈ ಸಲ ಮಳೆ ನಿಂತ ಮೇಲೆ ಮಗುವಿನ ಕೈಗೊಂದು ಅಯಸ್ಕಾಂತ ಕೊಟ್ಟು ಹೊಳೆದಂಡೆಗೆ ಕರೆದೊಯ್ಯಿರಿ. ಅದು ಕೇಳುವ ಮೊದಲ ಪ್ರಶ್ನೆ ಯಾವ ಭಾಷೆಯಲ್ಲಿರುತ್ತದೆ ಎಂಬುದನ್ನು ನೀವೇ ಆಲಿಸಿರಿ.