ಕಠಿಣ ಕೋರ್ಸೋ, ಒಳ್ಳೆಯ ಗ್ರೇಡೋ?

ಅಮೆರಿಕದಲ್ಲಿ ಹೈಸ್ಕೂಲು ಓದುವ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ಪ್ರತಿ ವರ್ಷ ಇದೇ ಚರ್ಚೆ. ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ಕ್ಲಾಸು ತೆಗೆದುಕೊಂಡು ‘ಬಿ’ ಬಂದರೆ? ಮಾಮೂಲಿ ಕ್ಲಾಸಿನಲ್ಲಿ ‘ಎ’ ತೆಗೆದರೆ ಸಾಲದೇ? ಸಿಇಟಿ ಬರೆದು ಬಂದ ಅಪ್ಪ ಅಮ್ಮಂದಿರಿಗೆ ಇದು ಗೊಂದಲ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಸೀಟಿಗೆ ಪಿಯುಸಿಯ ಪಿಸಿಎಂ ಅಂಕ ಅರ್ಧ, ಸಿಇಟಿ ಅಂಕ ಅರ್ಧ, ಕೂಡಿಸಿದರೆ ರ‍್ಯಾಂಕು. ಅಮೆರಿಕದ ಪೈಪೋಟಿಯ ಕಾಲೇಜುಗಳಲ್ಲಿ ಯಾವ ಕ್ಲಾಸಿನಲ್ಲಿ ಯಾವ ಗ್ರೇಡು ಬಂತು ಎಂದು ಸಾಲುಸಾಲಾಗಿ ಓದುತ್ತಾರೆ. ಹಾಗೆ ಓದಿಸಿಕೊಳ್ಳಲು ಸಿದ್ಧವಾಗುವುದು ಹೀಗೆ.

1. ನಿಮ್ಮ ಶಾಲೆಯ ‘ಸ್ಕೂಲ್ ಪ್ರೊಫೈಲ್’ ಮೊದಲು ಓದಿ. ಅರ್ಜಿಯ ಜೊತೆ ಕೌನ್ಸೆಲರ್ ಇದನ್ನು ಕಳಿಸುತ್ತಾರೆ. ಎಷ್ಟು ಎಪಿ, ಎಷ್ಟು ಆನರ್ಸ್ ಕೋರ್ಸುಗಳಿವೆ, ಗ್ರೇಡು ಹೇಗೆ ಕೊಡುತ್ತಾರೆ ಎಲ್ಲವೂ ಅದರಲ್ಲಿರುತ್ತದೆ. ಐದೇ ಎಪಿ ಇರುವ ಶಾಲೆಯಲ್ಲಿ ನಾಲ್ಕು ಓದಿದವಳು, ಇಪ್ಪತ್ತೈದು ಇರುವ ಶಾಲೆಯಲ್ಲಿ ಆರು ಓದಿದವನಿಗಿಂತ ಹಿಂದೆ ಬಿದ್ದವಳಲ್ಲ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಕೌನ್ಸೆಲರ್‌ಗೂ ಇದೇ ಪ್ರಶ್ನೆ: ಇದೇ ಶಾಲೆಯ ಉಳಿದವರಿಗೆ ಹೋಲಿಸಿದರೆ ಈ ವಿದ್ಯಾರ್ಥಿಯ ಕೋರ್ಸುಗಳು ಎಷ್ಟು ಕಠಿಣ? ಪಕ್ಕದ ಊರಿನ ಗೆಳೆಯರ ಮಗನ ಎಪಿ ಲೆಕ್ಕ ಬಿಟ್ಟುಬಿಡಿ.

2. ಕಾಲೇಜು ಏನನ್ನು ತೂಗುತ್ತದೆಂದು ಅದರ ದಾಖಲೆಯಲ್ಲೇ ನೋಡಿ. ‘ಕಾಮನ್ ಡೇಟಾ ಸೆಟ್’ ಎಂಬ ಹೆಸರಿನ ದಾಖಲೆಯನ್ನು ಅನೇಕ ಕಾಲೇಜುಗಳು ಪ್ರಕಟಿಸುತ್ತವೆ. ಅದರ ಸಿ7 ಪಟ್ಟಿಯ ಮೊದಲ ಸಾಲೇ ಕೋರ್ಸುಗಳ ಕಠಿಣತೆ. ಜಿಪಿಎಗೆ (ಗ್ರೇಡುಗಳ ಸರಾಸರಿಗೆ) ಬೇರೆ ಸಾಲು. ಯಾವುದು ‘ಬಹಳ ಮುಖ್ಯ’, ಯಾವುದು ‘ಪರಿಗಣಿಸುತ್ತೇವೆ’ ಎಂದು ಗುರುತು ಹಾಕಿರುತ್ತಾರೆ. ಹತ್ತು ನಿಮಿಷದ ಕೆಲಸ.

3. ಗಣಿತದ ದಾರಿ ಎಂಟನೇ ತರಗತಿಯಲ್ಲೇ ತೀರ್ಮಾನವಾಗುತ್ತದೆ. ಎಂಟರಲ್ಲಿ ಆಲ್ಜೀಬ್ರಾ 1 ಮುಗಿಸಿದರೆ ಜಾಮೆಟ್ರಿ, ಆಲ್ಜೀಬ್ರಾ 2, ಪ್ರೀಕ್ಯಾಲ್ಕುಲಸ್ ದಾಟಿ ಹನ್ನೆರಡರಲ್ಲಿ ಕ್ಯಾಲ್ಕುಲಸ್ ಸಿಗುತ್ತದೆ. ಒಂಬತ್ತರಲ್ಲಿ ಶುರುಮಾಡಿದವರು ಬೇಸಿಗೆಯಲ್ಲೋ, ಒಂದೇ ವರ್ಷ ಎರಡು ಗಣಿತ ಓದಿಯೋ ಆ ಅಂತರ ತುಂಬಬೇಕು. ಎಂಜಿನಿಯರಿಂಗ್ ಕನಸಿದ್ದರೆ ಈ ವಿಷಯವನ್ನು ಮುಂದೂಡಬೇಡಿ.

4. ಹೆಚ್ಚುವರಿ ಪಾಯಿಂಟಿಗೂ ಮಿತಿಯಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನೇ (ಯುಸಿ) ನೋಡಿ. ಎಸ್‌ಎಟಿ ಅಂಕ ಪ್ರವೇಶಕ್ಕೆ ಲೆಕ್ಕಕ್ಕಿಲ್ಲ, ಆದ್ದರಿಂದ ಗ್ರೇಡಿನ ಭಾರ ಇನ್ನೂ ಹೆಚ್ಚು. ಹತ್ತು ಮತ್ತು ಹನ್ನೊಂದನೇ ತರಗತಿಯ ‘ಎ–ಜಿ’ (ಯುಸಿ ಕಡ್ಡಾಯ ಮಾಡಿರುವ ವಿಷಯಗಳ) ಕೋರ್ಸುಗಳಿಂದ ಜಿಪಿಎ ಕಟ್ಟುತ್ತಾರೆ. ಮಾನ್ಯತೆ ಪಡೆದ ಆನರ್ಸ್, ಎಪಿ, ಐಬಿ ಕೋರ್ಸಿನಲ್ಲಿ ‘ಸಿ’ ಅಥವಾ ಮೇಲಿನ ಗ್ರೇಡು ಬಂದರೆ ಸೆಮಿಸ್ಟರಿಗೊಂದು ಪಾಯಿಂಟು ಹೆಚ್ಚು. ಆದರೆ ಒಟ್ಟು ಎಂಟು ಸೆಮಿಸ್ಟರಿಗೆ (ಇಡೀ ವರ್ಷದ ನಾಲ್ಕು ಕೋರ್ಸಿಗೆ) ಮಾತ್ರ, ಅದರಲ್ಲೂ ಹತ್ತನೇ ತರಗತಿಯಿಂದ ನಾಲ್ಕು ಸೆಮಿಸ್ಟರಿಗಿಂತ ಹೆಚ್ಚಿಲ್ಲ. ಒಂದು ಲೆಕ್ಕ ಮಾಡೋಣ. ಇಪ್ಪತ್ತು ಸೆಮಿಸ್ಟರ್ ಗ್ರೇಡುಗಳಲ್ಲಿ 14 ‘ಎ’, 6 ‘ಬಿ’ (‘ಎ’ಗೆ 4, ‘ಬಿ’ಗೆ 3): ಒಟ್ಟು 74, ಭಾಗಿಸಿದರೆ 3.7. ಎಂಟು ಪಾಯಿಂಟು ಸೇರಿದರೆ 82, ಅಂದರೆ 4.1. ಒಂಬತ್ತನೆಯ ಕಠಿಣ ಸೆಮಿಸ್ಟರ್ ಈ ಸಂಖ್ಯೆಯನ್ನು ಏರಿಸುವುದಿಲ್ಲ; ಅಲ್ಲಿ ‘ಎ’ ಹೋಗಿ ‘ಸಿ’ ಬಂದರೆ ಇಳಿಸುತ್ತದೆ. ಅರ್ಜಿ ಓದುವವರು ಕೋರ್ಸಿನ ಹೆಸರನ್ನು ಗಮನಿಸುತ್ತಾರೆ, ನಿಜ. ಆದರೆ ಬರೀ ಪಾಯಿಂಟಿನ ಆಸೆಗೆ ಐದನೇ ಎಪಿ ಹೇರಿಕೊಳ್ಳಬೇಡಿ.

5. ವರ್ಷಕ್ಕೊಂದು ಮೆಟ್ಟಿಲು ಏರಿ. ಒಂಬತ್ತರಲ್ಲಿ ಒಂದೆರಡು ಆನರ್ಸ್, ಹತ್ತರಲ್ಲಿ ಒಂದು ಎಪಿ, ಆಮೇಲೆ ಹೆಚ್ಚು. ಇಷ್ಟದ ವಿಷಯದ ಕಠಿಣ ಕ್ಲಾಸಿನಲ್ಲಿ ಬಂದ ಒಂದು ‘ಬಿ’ಗೆ ಹೆದರುವ ಅಗತ್ಯವಿಲ್ಲ. ಮೂರು ‘ಸಿ’ ಬಂದರೆ ಹೊರೆ ಅತಿಯಾಗಿದೆ ಎಂದೇ ಅರ್ಥ. ರಾತ್ರಿ ಎರಡರವರೆಗೆ ಲ್ಯಾಬ್ ರಿಪೋರ್ಟ್ ಬರೆದು ಬೆಳಗ್ಗೆ ಏಳಕ್ಕೆ ಬಸ್ಸು ಹಿಡಿಯುವ ಮಗುವಿಗೆ ಅಪ್ಪ ಅಮ್ಮನೇ ‘ಒಂದು ಕೋರ್ಸು ಬಿಡು ಮಗಾ’ ಎನ್ನಬೇಕು. ದಯವಿಟ್ಟು ಹೇಳಿ.

6. ಎಪಿ ಪರೀಕ್ಷೆ ಬೇರೆ, ಕ್ಲಾಸಿನ ಗ್ರೇಡು ಬೇರೆ. ಮೇ ತಿಂಗಳ ಪರೀಕ್ಷೆಯಲ್ಲಿ ಗರಿಷ್ಠ ಅಂಕವಾದ 5 ಬಂದರೂ ಟ್ರಾನ್ಸ್‌ಕ್ರಿಪ್ಟಿನ ‘ಸಿ’ ಅಳಿಸುವುದಿಲ್ಲ. ವಾರವಾರದ ಕ್ವಿಜ್, ಹೋಂವರ್ಕ್ ಎಣಿಕೆಯಾಗುವುದು ಕ್ಲಾಸಿನ ಗ್ರೇಡಿನಲ್ಲೇ.

7. ಕೊನೆಯ ವರ್ಷ ಸಡಿಲ ಬಿಡಬೇಡಿ. ಹನ್ನೆರಡನೇ ತರಗತಿಯ ಅರ್ಧವರ್ಷದ ಗ್ರೇಡುಗಳನ್ನು ಬಹಳಷ್ಟು ಕಾಲೇಜುಗಳು ಕೇಳುತ್ತವೆ. ಸೀಟು ಸಿಕ್ಕ ಮೇಲೂ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಹೋಗಬೇಕು. ಗ್ರೇಡು ತೀರಾ ಕುಸಿದರೆ ಕೊಟ್ಟ ಪ್ರವೇಶವನ್ನು ವಾಪಸು ಪಡೆಯಬಹುದು.

8. ಕರ್ನಾಟಕದ ಪಿಯು ಕಾಲೇಜಿನಿಂದ ಅರ್ಜಿ ಹಾಕುವವರು ಎಪಿ ಇಲ್ಲವೆಂದು ಕುಗ್ಗಬೇಡಿ. ನಿಮ್ಮಲ್ಲಿ ಇಲ್ಲದ ಕೋರ್ಸನ್ನು ನೀವು ಓದಿಲ್ಲವೆಂದು ತಪ್ಪು ಹಿಡಿಯುವುದಿಲ್ಲ. ಬೇಕಿರುವುದು ಒಂದು ಪುಟದ ಮಾಹಿತಿ: ಕಾಲೇಜಿನಲ್ಲಿ ಯಾವ ಯಾವ ಕಾಂಬಿನೇಷನ್ ಇವೆ, ಪಿಸಿಎಂಬಿ, ಪಿಸಿಎಂಸಿ ಎಂದರೇನು, ಎಷ್ಟು ವಿದ್ಯಾರ್ಥಿಗಳಿದ್ದಾರೆ, ಕಳೆದ ವರ್ಷ ಎಷ್ಟು ಮಂದಿಗೆ ಶೇ. 85 ದಾಟಿತು. ಒಂಬತ್ತರಿಂದ ಹನ್ನೆರಡರವರೆಗಿನ ಅಂಕಪಟ್ಟಿಗಳ ಜೊತೆ ಇದನ್ನು ಪ್ರಾಂಶುಪಾಲರ ಸಹಿ, ಸೀಲಿನೊಂದಿಗೆ ಮುಂಚಿತವಾಗಿ ಮಾಡಿಸಿಟ್ಟುಕೊಳ್ಳಿ. ಕಾಲೇಜಿಗೆ ರಜೆ ಶುರುವಾದರೆ ಆಫೀಸಿನಲ್ಲಿ ಯಾರೂ ಸಿಗುವುದಿಲ್ಲ.