ಉರಿಯೊಳಗೇ ಇರುವ ಥರ್ಮಾಮೀಟರ್

ಪ್ರಶ್ನೆ: ಜೆಟ್ ಎಂಜಿನ್ನಿನ ಉರಿ ಎಷ್ಟು ಬಿಸಿ, ಅದರಲ್ಲಿ ಯಾವ ಅನಿಲಗಳಿವೆ ಎಂಬುದನ್ನು ಲೇಸರ್ ಹಾಯಿಸಿ ಅಳೆಯುತ್ತಾರಂತೆ. ಮುಟ್ಟದೆ ಅಳೆಯುವುದು ಹೇಗೆ? ಲೇಸರೇ ಆ ಅನಿಲವನ್ನು ಇನ್ನಷ್ಟು ಕಾಯಿಸಿಬಿಡುವುದಿಲ್ಲವೇ?

ಉತ್ತರ: ಮುಟ್ಟಿ ಅಳೆಯುವ ಥರ್ಮೋಕಪಲ್ ತಂತಿಗಳು ಇದ್ದೇ ಇವೆ. ಆದರೆ ಮೀಥೇನ್ ಗಾಳಿಯೊಡನೆ ಹದವಾಗಿ ಬೆರೆತು ಉರಿದರೆ ಬಿಸಿ 1,950 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ಇಂಥ ತಂತಿಗಳಿಗೆ ಬಳಸುವ ಪ್ಲಾಟಿನಂ 1,768 ಡಿಗ್ರಿಗೇ ಕರಗುತ್ತದೆ. ಕರಗದೆ ಉಳಿದ ತಂತಿಯೂ ಕೆಂಪಗೆ ಕಾದು ಶಾಖವನ್ನು ಸುತ್ತ ಚೆಲ್ಲುತ್ತದೆ, ಹಾಗಾಗಿ ಅನಿಲಕ್ಕಿಂತ ತಣ್ಣಗಿರುತ್ತದೆ. ಅದು ತೋರಿಸುವುದು ತನ್ನ ಬಿಸಿಯನ್ನು, ಉರಿಯದನ್ನಲ್ಲ.

ಲೇಸರ್ ವಿಧಾನದ ಸೊಗಸು ಇಲ್ಲಿದೆ: ಥರ್ಮಾಮೀಟರನ್ನು ಹೊರಗಿನಿಂದ ಒಯ್ಯಬೇಕಿಲ್ಲ. ಗಾಳಿಯ ನೂರರಲ್ಲಿ 78 ಪಾಲು ಸಾರಜನಕ. ಅದರ ಬಹುಭಾಗ ಉರಿಯದೆ, ಬರೀ ಕಾಯುತ್ತಾ ಬೆಂಕಿಯ ಮೂಲೆಮೂಲೆಯಲ್ಲೂ ಇರುತ್ತದೆ. ಕೋಣೆಯ ಉಷ್ಣತೆಯಲ್ಲಿ ಸುಮಾರು 70,000 ಸಾರಜನಕ ಅಣುಗಳಲ್ಲಿ ಒಂದು ಮಾತ್ರ ಕಂಪನದ ಮೇಲಿನ ಮಟ್ಟದಲ್ಲಿ, ಅಂದರೆ ಹೆಚ್ಚು ಶಕ್ತಿಯಿಂದ ಕಂಪಿಸುತ್ತಾ ಇರುತ್ತದೆ. 1,700 ಡಿಗ್ರಿಯಲ್ಲಿ ನೂರಕ್ಕೆ 15 ಅಣುಗಳು ಅಲ್ಲಿಗೆ ಏರಿರುತ್ತವೆ. ಈ ಲೆಕ್ಕ ಸಿಕ್ಕರೆ ಉಷ್ಣತೆ ಸಿಕ್ಕಂತೆಯೇ.

ಲೆಕ್ಕ ಹಿಡಿಯುವ ದಾರಿಯನ್ನು ತೆರೆದವರು ಸಿ.ವಿ. ರಾಮನ್. ಅಣುವಿನಿಂದ ಚದುರಿದ ಬೆಳಕಿನ ಸ್ವಲ್ಪ ಭಾಗ, ಆ ಅಣುವಿನ ಕಂಪನಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ ಎಂದು 1928ರಲ್ಲಿ ಕಲ್ಕತ್ತೆಯಲ್ಲಿ ಅವರು ಕಂಡುಕೊಂಡರು. ಆದರೆ ಆ ಬೆಳಕು ತೀರಾ ಕ್ಷೀಣ. ಧಗಧಗಿಸುವ ಉರಿಯ ಪ್ರಭೆಯಲ್ಲಿ ಮುಳುಗಿಹೋಗುತ್ತದೆ. 1965ರಲ್ಲಿ ಅಮೆರಿಕದ ಫೋರ್ಡ್ ಪ್ರಯೋಗಾಲಯದಲ್ಲಿ ಮೇಕರ್ ಮತ್ತು ಟರ್ಹ್ಯೂನ್ ಕಂಡ ವಿದ್ಯಮಾನ ಈ ತೊಡಕಿಗೆ ಪರಿಹಾರವಾಯಿತು. ಅದೇ ಈಗ ‘ಕಾರ್ಸ್’ ಎಂಬ ವಿಧಾನ. 532 ನ್ಯಾನೊಮೀಟರಿನ ಹಸಿರು ಕಿರಣ, 607ರ ಆಸುಪಾಸಿನ ಕಿತ್ತಳೆಗೆಂಪು ಕಿರಣ ಎರಡನ್ನೂ ಉರಿಯ ಒಂದು ಬಿಂದುವಿನಲ್ಲಿ ಸಂಧಿಸುವಂತೆ ಬಿಡುತ್ತಾರೆ. ಎರಡರ ಆವರ್ತನಗಳ ವ್ಯತ್ಯಾಸ ಸಾರಜನಕದ ಕಂಪನಕ್ಕೆ ಸರಿಹೊಂದುತ್ತದೆ. ಅಣುಗಳೆಲ್ಲ ಒಂದೇ ತಾಳದಲ್ಲಿ ಕಂಪಿಸಿ, 473ರ ಬಳಿ ಹೊಸದೊಂದು ನೀಲಿ ಕಿರಣ ಹುಟ್ಟುತ್ತದೆ. ಅದೂ ಲೇಸರಿನಂತೆಯೇ ಒಂದೇ ದಿಕ್ಕಿಗೆ ಸಾಗುವುದರಿಂದ, ಉರಿಯ ಬೆಳಕಿನಿಂದ ಬೇರ್ಪಡಿಸುವುದು ಸುಲಭ. ಹಸಿರು, ಕೆಂಪು ಒಳಹೋಗಿ ನೀಲಿ ಹೊರಬರುವುದು ಭೌತವಿಜ್ಞಾನದ ಅತ್ಯಂತ ಚೆಲುವಾದ ನೋಟಗಳಲ್ಲೊಂದು ಎಂದು ನಾನು ನಂಬಿದ್ದೇನೆ. ಈ ನೀಲಿಯ ರೋಹಿತದಲ್ಲಿ ಮುಖ್ಯ ಶಿಖರದ ಪಕ್ಕ, ಮೇಲಿನ ಮಟ್ಟದ ಅಣುಗಳದ್ದೇ ಇನ್ನೊಂದು ಶಿಖರ ಏಳುತ್ತದೆ. ಅದು ಎತ್ತರವಾದಷ್ಟೂ ಬಿಸಿ ಹೆಚ್ಚು.

ಲೇಸರ್ ಕಾಯಿಸುವುದಿಲ್ಲವೇ ಎಂಬ ನಿಮ್ಮ ಶಂಕೆ ಪೊಳ್ಳಲ್ಲ. ಕಿರಣ ಅತಿ ತೀಕ್ಷ್ಣವಾದರೆ ಗಾಳಿಯಲ್ಲೇ ಕಿಡಿ ಸಿಡಿದು ಅಳತೆ ಕೆಡುತ್ತದೆ. ಆದ್ದರಿಂದ ಶಕ್ತಿಯನ್ನು ಮಿತಿಯಲ್ಲಿಡುತ್ತಾರೆ. ಸಾರಜನಕ ಹಸಿರು ಬೆಳಕನ್ನು ಹೀರುವುದಿಲ್ಲ, ಲೇಸರಿನ ಒಂದು ಮಿಡಿತ ಇರುವುದೂ ಸುಮಾರು 10 ನ್ಯಾನೊಸೆಕೆಂಡ್ ಮಾತ್ರ. ಸೆಕೆಂಡಿಗೆ 100 ಮೀಟರ್ ಧಾವಿಸುವ ಅನಿಲವೂ ಅಷ್ಟರಲ್ಲಿ ಕದಲುವುದು ಮಿಲಿಮೀಟರಿನ ಸಾವಿರದ ಒಂದು ಪಾಲು. ಹೀರದ ಬೆಳಕು ಅನಿಲವನ್ನು ಕಾಯಿಸುವುದಿಲ್ಲ; ಅಳತೆಯ ಆ ಕ್ಷಣದಲ್ಲಿ ಅನಿಲ ನಿಂತಂತೆಯೇ ಇರುತ್ತದೆ.

ಇನ್ನು ಅನಿಲಗಳ ಗುರುತು. ಆಮ್ಲಜನಕ, ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಒಂದೊಂದರ ಕಂಪನವೂ ಬೇರೆ. ಕೆಂಪು ಕಿರಣದ ಬಣ್ಣವನ್ನು ಹೊಂದಿಸಿಕೊಂಡರೆ ಬೇಕಾದ ಅನಿಲ ಉತ್ತರ ಕೊಡುತ್ತದೆ. ಕಾರ್ಖಾನೆಯ ಚಿಮಣಿಗೆ ಇಷ್ಟೆಲ್ಲ ಬೇಕಿಲ್ಲ. ಅಲ್ಲಿ ಪುಟ್ಟ ಡಯೋಡ್ ಲೇಸರನ್ನು ಅಡ್ಡಲಾಗಿ ಹಾಯಿಸಿ, ಆಮ್ಲಜನಕ ಹೀರುವ 760 ನ್ಯಾನೊಮೀಟರಿನಲ್ಲಿ ಎಷ್ಟು ಬೆಳಕು ಕುಂದಿತೆಂದು ನೋಡುತ್ತಾರೆ. ಅದರಿಂದ ದಾರಿಯುದ್ದದ ಸರಾಸರಿ ಸಿಗುತ್ತದೆ. ಉರಿಯ ಒಂದೇ ಬಿಂದು ಬೇಕೆಂದರೆ ಕಾರ್ಸ್‌ನ ಕಿರಣಗಳನ್ನೇ ಕೂಡಿಸಬೇಕು.